ಬೆಕ್ಕಿನ ಮುಖದ ಮಿಠಾಯಿ: ಜೇಮಿ ಲೇಂಗ್ ಅವರ ಕ್ಯಾಂಡಿ ಕಿಟನ್ಸ್

ಭಾರತದಲ್ಲಿ ತಿನಿಸಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರಿಗಳು ಹಿಂದೆಮುಂದೆ ನೋಡದೆ ಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಇಲ್ಲಿ ನೆಲೆಸಿರುವ ನಮ್ಮಂಥವರು ಒಂದೊಂದು ಪೊಟ್ಟಣವನ್ನೂ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಬೇಕಾಗುತ್ತದೆ. ಮಕ್ಕಳ ಜೆಲ್ಲಿ ಮಿಠಾಯಿಗಳ ವಿಷಯದಲ್ಲಂತೂ ಈ ಓದು ಬಹಳ ಸಲ ನಿರಾಸೆಯಲ್ಲೇ ಮುಗಿಯುತ್ತದೆ. ಮಿಠಾಯಿಗೆ ಜಗಿಯುವ ಗುಣ ಬರಲೆಂದು ಹಂದಿಯ ಚರ್ಮದಿಂದಲೋ ದನದ ಮೂಳೆಯಿಂದಲೋ ತೆಗೆದ ಜೆಲಟಿನ್ ಸೇರಿಸಿರುತ್ತಾರೆ. ಅದಿಲ್ಲವೆಂದುಕೊಂಡರೆ, ಕೆಂಪು ಬಣ್ಣಕ್ಕೆ ಹುಳುಗಳಿಂದ ತೆಗೆದ ಇ120 ಇರಬಹುದು, ಹೊಳಪಿಗೆ ಜೇನುಮೇಣವೋ ಅರಗಿನ ಹುಳುವಿನಿಂದ ಬರುವ ಇ904 ಎಂಬುದೋ ಇರಬಹುದು.

ಮಗಳು ಐದು ವರ್ಷದವಳಿದ್ದಾಗ ಗೆಳತಿಯ ಹುಟ್ಟುಹಬ್ಬದಿಂದ ಒಂದು ಸಣ್ಣ ಚೀಲ ತುಂಬ ಮಿಠಾಯಿ ತಂದಿದ್ದಳು. ನಾನು ಹೆಸರು ಓದಿ ಮುಗಿಸುವಷ್ಟರಲ್ಲಿ ಎರಡು ಬಾಯೊಳಗೆ ಹೋಗಿದ್ದವು. ಉಳಿದವನ್ನು ಅವಳ ಕೈಯಿಂದ ಬಿಡಿಸಿಕೊಂಡಾಗ ಅವಳು ಅತ್ತ ಅಳು ಇಂದಿಗೂ ನನಗೆ ನೆನಪಿದೆ. ಅವಳದು ಯಾವ ತಪ್ಪೂ ಇರಲಿಲ್ಲ. ಕ್ಯಾಂಡಿ ಕಿಟನ್ಸ್ ಎಂಬ ಮಿಠಾಯಿಯ ಬಗ್ಗೆ ಇಷ್ಟು ಉದ್ದವಾಗಿ ಬರೆಯಲು ಹೊರಟಿರುವುದಕ್ಕೆ ಆ ಸಂಜೆಯೇ ಕಾರಣ.

ಈ ಕಂಪನಿಯ ಎಲ್ಲ ಮಿಠಾಯಿಗಳೂ ವೀಗನ್. ಜೆಲಟಿನ್ ಇಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಹುಳುವಿನ ಬಣ್ಣವಿಲ್ಲ. ಒಂದು ಬಗೆಯಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂಬ ಗೊಂದಲವೂ ಇಲ್ಲ. ಹೀಗಾಗಿ ಒಮ್ಮೆ ಹೆಸರನ್ನು ನಂಬಿದ ಮೇಲೆ ಮಗು ತನಗೆ ಬೇಕಾದ ಬಣ್ಣದ ಪೊಟ್ಟಣವನ್ನು ತಾನೇ ಆರಿಸಿಕೊಳ್ಳಬಹುದು. ಸಸ್ಯಾಹಾರಿ ಮನೆಯ ಮಗುವಿಗೆ ಪರದೇಶದ ಅಂಗಡಿಯಲ್ಲಿ ಇದು ಸಣ್ಣ ಸ್ವಾತಂತ್ರ್ಯವಲ್ಲ.

ಈ ಮಿಠಾಯಿಯ ಹಿಂದಿರುವ ಮನುಷ್ಯನ ಬಗ್ಗೆ ನನಗೆ ಮೊದಲು ಒಳ್ಳೆಯ ಅಭಿಪ್ರಾಯವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1988ರಲ್ಲಿ ಹುಟ್ಟಿದ ಜೇಮಿ ಲೇಂಗ್ ಬ್ರಿಟನ್ನಿನ ಮನೆಮನೆಗೆ ಪರಿಚಿತರಾದದ್ದು ಮೇಡ್ ಇನ್ ಚೆಲ್ಸಿ ಎಂಬ ಟಿವಿ ಸರಣಿಯಿಂದ. ಲಂಡನ್ನಿನ ಸಿರಿವಂತ ಬಡಾವಣೆಯ ಯುವಕ ಯುವತಿಯರ ಪಾರ್ಟಿ, ಪ್ರೇಮ, ಜಗಳಗಳನ್ನು ತೋರಿಸುವ ಈ ಕಾರ್ಯಕ್ರಮ 2011ರಲ್ಲಿ ಆರಂಭವಾಯಿತು, ಅದೇ ವರ್ಷದ ಎರಡನೆಯ ಸರಣಿಯಲ್ಲಿ ಲೇಂಗ್ ಸೇರಿಕೊಂಡರು. ರ್‍ಯಾಡ್ಲಿಯಂಥ ದುಬಾರಿ ವಸತಿಶಾಲೆಯಲ್ಲಿ ಓದಿದ, ಹೊಂಬಣ್ಣದ ಕೂದಲಿನ, ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದಂತೆ ಕಾಣುವ ಹುಡುಗ. ಇಂಥವರು ತಮ್ಮ ಮುಖ ಟಿವಿಯಲ್ಲಿರುವಷ್ಟು ದಿನ ಏನಾದರೊಂದನ್ನು ಮಾರುತ್ತಾರೆ, ಆಮೇಲೆ ಅಂಗಡಿ ಮುಚ್ಚುತ್ತಾರೆ ಎಂದೇ ನಾನು ಎಣಿಸಿದ್ದೆ. ಗೆಳೆಯ ಎಡ್ ವಿಲಿಯಮ್ಸ್ ಜೊತೆಗೂಡಿ ಅವರು 2012ರಲ್ಲಿ ಆರಂಭಿಸಿದ ಕಂಪನಿ ಹತ್ತು ವರ್ಷಗಳನ್ನು ದಾಟಿ, ದೊಡ್ಡ ಸೂಪರ್‌ಮಾರ್ಕೆಟ್‌ಗಳ ಕಪಾಟಿನಲ್ಲಿ ಗಟ್ಟಿಯಾಗಿ ಕುಳಿತಿದೆ. ನನ್ನ ಎಣಿಕೆ ತಪ್ಪಾಯಿತು.

ಪತ್ರಿಕೆಗಳು ಲೇಂಗ್ ಅವರನ್ನು ಬಿಸ್ಕತ್ತಿನ ವಾರಸುದಾರ ಎಂದೇ ಕರೆಯುತ್ತ ಬಂದಿವೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಿರಿಯರು ಸಂಜೆಯ ಕಾಫಿಗೆ ಅದ್ದಿಕೊಂಡು ತಿನ್ನುವ ಮೆಕ್‌ವಿಟೀಸ್ ಡೈಜೆಸ್ಟಿವ್ ಬಿಸ್ಕತ್ತನ್ನು 1892ರಲ್ಲಿ ರೂಪಿಸಿದವರು ಅಲೆಕ್ಸಾಂಡರ್ ಗ್ರಾಂಟ್. ಅವರು ಜೇಮಿಯ ಮುತ್ತಜ್ಜನ ತಲೆಮಾರಿಗೂ ಒಂದು ಮೆಟ್ಟಿಲು ಹಿಂದಿನವರು. ಸ್ಕಾಟ್ಲೆಂಡಿನ ಫಾರೆಸ್ ಎಂಬ ಊರಿನಿಂದ ಎಡಿನ್‌ಬರೊಗೆ ಕೆಲಸ ಹುಡುಕಿಕೊಂಡು ಬಂದ ಗ್ರಾಂಟ್, ರಾಬರ್ಟ್ ಮೆಕ್‌ವಿಟಿಯವರ ಅಂಗಡಿಯಲ್ಲಿ ಕೆಲಸ ಖಾಲಿಯಿಲ್ಲ ಎಂದಾಗ, ಅಲ್ಲಿದ್ದ ಸ್ಕೋನ್ ಎಂಬ ಸಣ್ಣ ಬನ್ನಿನಂಥ ತಿನಿಸೊಂದನ್ನು ನೋಡಿ ಇದನ್ನು ಮಾಡಿದವರಿಗೆ ಸ್ಕೋನ್ ಮಾಡಲು ಬರುವುದಿಲ್ಲ ಎಂದು ನೇರವಾಗಿ ಹೇಳಿ, ಆ ಮಾತಿನಿಂದಲೇ ಕೆಲಸ ಗಿಟ್ಟಿಸಿಕೊಂಡರು ಎಂಬ ಕಥೆಯಿದೆ. ಹಿಟ್ಟಿಗೆ ಬೆರೆಸುವ ಸೋಡಾ ಜೀರ್ಣಕ್ಕೆ ಒಳ್ಳೆಯದೆಂಬ ಅಂದಿನ ನಂಬಿಕೆಯಿಂದ ಆ ಬಿಸ್ಕತ್ತಿಗೆ ಡೈಜೆಸ್ಟಿವ್ ಎಂಬ ಹೆಸರು ಬಂತು. ಬಿಸ್ಕತ್ತಿನಿಂದ ಗಳಿಸಿದ ಹಣದಲ್ಲಿ ಗ್ರಾಂಟ್ ಎರಡು ಸಲ ತಲಾ ಒಂದು ಲಕ್ಷ ಪೌಂಡ್ ಕೊಟ್ಟದ್ದರಿಂದ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ನೆಲೆಯೂ ಕಟ್ಟಡವೂ ದೊರೆತವು. ಮಿಠಾಯಿಯ ವಿಮರ್ಶೆಯಲ್ಲಿ ಗ್ರಂಥಾಲಯದ ಮಾತೇಕೆ ಎನ್ನಬೇಡಿ. ಒಲೆಯ ಮುಂದೆ ದುಡಿದ ಒಬ್ಬ ಮನುಷ್ಯನ ಗಳಿಕೆ ಪುಸ್ತಕವಾಗಿ ಉಳಿದದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಮೆಕ್‌ವಿಟೀಸ್ 2014ರಿಂದ ಟರ್ಕಿಯ ಕಂಪನಿಯೊಂದರ ಕೈಯಲ್ಲಿದೆ. ಆದ್ದರಿಂದ ಕ್ಯಾಂಡಿ ಕಿಟನ್ಸ್ ಆ ಬಿಸ್ಕತ್ತಿನ ತಮ್ಮನಲ್ಲ, ಬೇರೆಯೇ ಸಂಸಾರ.

ಇನ್ನು ಮಿಠಾಯಿಗೆ ಬರೋಣ. ಒಂದೊಂದೂ ಬೆಕ್ಕಿನ ಮರಿಯ ತಲೆಯ ಆಕಾರದಲ್ಲಿದೆ. ಮೇಲೆ ಎರಡು ಚೂಪು ಕಿವಿ, ಕೆಳಗೆ ದುಂಡನೆಯ ಗಲ್ಲ. ನನ್ನ ಮಗಳು ಮೊದಲು ಎರಡೂ ಕಿವಿಗಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ತೆಗೆದು, ಕಿವಿಯಿಲ್ಲದ ಮುಖವನ್ನು ಅಂಗೈಯಲ್ಲಿಟ್ಟು ಒಮ್ಮೆ ನೋಡಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಜೆಲಟಿನ್ ಇರುವ ಮಿಠಾಯಿ ರಬ್ಬರಿನಂತೆ ಎಳೆದಷ್ಟೂ ಹಿಗ್ಗಿ, ಹಲ್ಲನ್ನು ತಳ್ಳುತ್ತದೆ ಎಂದು ತಿಂದವರು ಹೇಳುತ್ತಾರೆ. ಇದು ಹಾಗಲ್ಲ. ಹಲ್ಲು ಇಳಿದ ಕೂಡಲೇ ಮೆತ್ತಗೆ ತುಂಡಾಗುತ್ತದೆ, ನಮ್ಮ ಹಲ್ವದ ಅಂಚಿನ ಗಟ್ಟಿ ಭಾಗವನ್ನು ಕಚ್ಚಿದ ಹಾಗೆ. ಕೊನೆಯಲ್ಲಿ ದವಡೆಗೆ ತುಸು ಅಂಟಿಕೊಳ್ಳುವುದೂ ಹಲ್ವದಂತೆಯೇ.

ಹುಳಿ ಕಲ್ಲಂಗಡಿಯ ಬಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಿಯ. ಮೇಲಿನ ಹುಳಿಸಕ್ಕರೆಯ ಹರಳು ಮೊದಲು ನಾಲಗೆಯ ತುದಿಯನ್ನು ಚುರುಕ್ಕೆನ್ನಿಸುತ್ತದೆ, ಕೆನ್ನೆಯ ಒಳಗೆ ನೀರೂರುತ್ತದೆ, ಅದು ಇಳಿದ ಮೇಲೆ ಹಣ್ಣಿನ ಸಿಹಿ ನಿಧಾನಕ್ಕೆ ಬರುತ್ತದೆ. ಭದ್ರಾವತಿಯಿಂದ ಬಂದಿದ್ದ ನನ್ನ ತಾಯಿ ಮೊದಲ ಸಲ ಒಂದನ್ನು ಚಪ್ಪರಿಸಿ, “ಇದು ಚಿಗಳಿಯ ದೂರದ ನೆಂಟ ಕಣೇ” ಎಂದರು. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿದ ಚಿಗಳಿಯ ಖಾರ ಇದರಲ್ಲಿಲ್ಲ, ಆದರೆ ಹುಳಿ ಮುಂದೆ ಸಿಹಿ ಹಿಂದೆ ಎಂಬ ನಡಿಗೆ ಒಂದೇ. ಹುಳಿಯಿಲ್ಲದ ಸ್ಟ್ರಾಬೆರಿ ಬಗೆ ಸೌಮ್ಯವಾಗಿದೆ, ಚಿಕ್ಕ ಮಕ್ಕಳಿಗೆ ಅದೇ ಸರಿ.

ನಾನು ಹೆಚ್ಚು ಯೋಚಿಸಿದ್ದು ಈಟನ್ ಮೆಸ್ ಎಂಬ ಬಗೆಯ ಬಗ್ಗೆ. ಈಟನ್ ಶಾಲೆಯ ಹೆಸರಿನಲ್ಲಿರುವ ಈ ಇಂಗ್ಲಿಷ್ ಸಿಹಿಯನ್ನು ಸ್ಟ್ರಾಬೆರಿ, ಕಡೆದ ಕ್ರೀಮು ಮತ್ತು ಮೆರಾಂಗ್ ಪುಡಿಮಾಡಿ ಕಲಸಿ ಮಾಡುತ್ತಾರೆ. ಮೆರಾಂಗ್ ಎಂದರೆ ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಡನೆ ಕಡೆದು ಒಲೆಯಲ್ಲಿ ಒಣಗಿಸಿದ್ದು. ಆದ್ದರಿಂದ ಇಪ್ಪತ್ತು ಬೇಸಿಗೆಗಳನ್ನು ಇಲ್ಲಿ ಕಳೆದರೂ ನಾನು ಅದನ್ನು ಬಾಯಿಗಿಟ್ಟಿರಲಿಲ್ಲ. ಕ್ರೀಮೂ ಇಲ್ಲದ, ಮೊಟ್ಟೆಯೂ ಇಲ್ಲದ ಈ ಮಿಠಾಯಿಯಲ್ಲಿ ಅದರ ರುಚಿಯ ಸುಳಿವು ಮೊದಲ ಬಾರಿಗೆ ನನಗೆ ದೊರೆಯಿತು. ನಿಜವಾದ ಈಟನ್ ಮೆಸ್ ತಿಂದ ನನ್ನ ಸಹೋದ್ಯೋಗಿಗಳು ಇದನ್ನು ರುಚಿ ನೋಡಿ, ಹೋಲಿಕೆ ಇದೆ ಎಂದು ತಲೆಯಾಡಿಸಿದರು.

ಕೊಳ್ಳುವವರು ಎರಡು ಮಾತು ತಿಳಿದಿರಬೇಕು. ಸೂಪರ್‌ಮಾರ್ಕೆಟ್‌ಗಳು ತಮ್ಮದೇ ಹೆಸರಿನಲ್ಲಿ ಮಾರುವ ಮಿಠಾಯಿಗಿಂತ ಇದರ ಬೆಲೆ ಹೆಚ್ಚು. ನಾವು ರಿಯಾಯಿತಿ ಇರುವ ವಾರದಲ್ಲಿ ನಾಲ್ಕೈದು ಪೊಟ್ಟಣ ಒಟ್ಟಿಗೆ ತಂದಿಡುತ್ತೇವೆ. ಎರಡನೆಯದಾಗಿ, ವೀಗನ್ ಎಂಬುದು ಆರೋಗ್ಯದ ಮುದ್ರೆಯಲ್ಲ. ಪ್ರಾಣಿಜನ್ಯ ವಸ್ತು ಇಲ್ಲ ಎಂದ ಮಾತ್ರಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ, ಹಲ್ಲಿಗೆ ಆಗುವ ಹಾನಿಯೂ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಮುಖ ಎಂದು ಲೆಕ್ಕ, ಆಮೇಲೆ ಬಾಯಿ ಮುಕ್ಕಳಿಸುವುದು ಕಡ್ಡಾಯ.

ಲೇಂಗ್ ಅವರ ಬದುಕು ಟಿವಿಯ ಪಾರ್ಟಿಗಳಲ್ಲೇ ನಿಲ್ಲಲಿಲ್ಲ. 2019ರಲ್ಲಿ ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್ ನೃತ್ಯ ಸ್ಪರ್ಧೆ ಶುರುವಾಗುವಷ್ಟರಲ್ಲೇ ಪಾದಕ್ಕೆ ಪೆಟ್ಟಾಗಿ ಹೊರಬಂದರು. ಅವರ ಬದಲಿಗೆ ಬಂದ ಕೆಲ್ವಿನ್ ಫ್ಲೆಚರ್ ಆ ವರ್ಷ ಗೆದ್ದೇಬಿಟ್ಟರು. ಮುಂದಿನ ವರ್ಷ ಲೇಂಗ್ ಮತ್ತೆ ಬಂದು ಫೈನಲ್‌ವರೆಗೆ ಕುಣಿದರು. ತಮಗಿರುವ ಆತಂಕದ ತೊಂದರೆಯ ಬಗ್ಗೆ, ಕಿವಿಯೊಳಗೆ ಸದಾ ಮೊರೆಯುವ ಸದ್ದಿನ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತನಾಡಿದ್ದಾರೆ. ಅವರು ಬಿಬಿಸಿ ರೇಡಿಯೊ 1ರಲ್ಲಿ ನಿರೂಪಕರಾದ ಮೇಲೆ, 2025ರ ಮಾರ್ಚಿನಲ್ಲಿ ಕಾಮಿಕ್ ರಿಲೀಫ್ ಎಂಬ ದತ್ತಿ ಸಂಸ್ಥೆಗಾಗಿ ಲಂಡನ್ನಿನಿಂದ ಸಾಲ್ಫೋರ್ಡ್‌ವರೆಗೆ ಐದು ದಿನ, ದಿನವೂ ಮ್ಯಾರಥಾನಿಗಿಂತ ಉದ್ದದ ದೂರವನ್ನು ಓಡಿ, 20 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. ಆ ಸಂಜೆಗಳಲ್ಲಿ ಅಡುಗೆಮನೆಯ ರೇಡಿಯೊ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದ ನಾನು, ಒಂದು ಕಾಲದಲ್ಲಿ ಹಗುರವಾಗಿ ಕಂಡಿದ್ದ ಈ ಹುಡುಗನಿಗಾಗಿ ಮನಸಾರೆ ಹಾರೈಸಿದೆ.

ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಚಾಕೊಲೇಟ್ ಒಯ್ಯುವುದನ್ನು ನಾವು ಬಿಟ್ಟಿದ್ದೇವೆ. ಅದು ಭದ್ರಾವತಿ ತಲುಪುವಷ್ಟರಲ್ಲಿ ಕರಗಿ ಕಾಗದಕ್ಕೆ ಮೆತ್ತಿಕೊಂಡಿರುತ್ತದೆ. ಕಳೆದ ಸಲ ಆರು ಪೊಟ್ಟಣ ಕ್ಯಾಂಡಿ ಕಿಟನ್ಸ್ ಒಯ್ದೆವು. ಮಡಿಯಲ್ಲಿ ಬಿಗಿಯಾದ ನನ್ನ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ಹಸಿರು ಚುಕ್ಕೆ ಹುಡುಕಿದರು. “ದೊಡ್ಡಜ್ಜಿ, ಚುಕ್ಕೆ ಇಲ್ಲ, ನಾನೇ ಓದಿ ನೋಡಿದ್ದೀನಿ, ತಿನ್ನಿ” ಎಂದಳು ಮಗಳು. ದೊಡ್ಡಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೆರಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.