ಸ್ವಿಫ್ಟ್‌ಯುಐನ ಸ್ಕ್ರೋಲ್‌ಟ್ರಾನ್ಸಿಷನ್ ಬಳಸಿ ನೋಡಿದೆ
ಕಂಡ ಹಕ್ಕಿಗಳ ಫೋಟೊ ಹಾಕಿಡಲು ಸ್ವಿಫ್ಟ್‌ಯುಐನಲ್ಲಿ (ಆ್ಯಪ್‌ಗಳ ಪರದೆ ಕಟ್ಟಲು ಆ್ಯಪಲ್ ಕೊಡುವ ಸಾಧನ) ಒಂದು ಪುಟ್ಟ ಐಫೋನ್ ಆ್ಯಪ್ ಮಾಡಿಕೊಂಡಿದ್ದೇನೆ. ಉದ್ದನೆಯ ಪಟ್ಟಿ, ಒಂದರ ಕೆಳಗೊಂದು ಕಾರ್ಡ್. ಸ್ಕ್ರೋಲ್ ಮಾಡಿದರೆ ಗೋಡೆ ಸರಿದ ಹಾಗಿತ್ತು. ಅಂಚಿನಲ್ಲಿ ಮಸುಕಾಗಿದ್ದ ಕಾರ್ಡ್ ಒಳಗೆ ಬರುತ್ತಾ ಅರಳಬೇಕು ಅನ್ನೋದು ನನ್ನ ಆಸೆ.

ಮೊದಲು ಇದನ್ನು ಗಾತ್ರ, ಜಾಗ ಅಳೆದು ಹೇಳುವ ಜಿಯೋಮೆಟ್ರಿರೀಡರ್ ಇಟ್ಟು ಮಾಡಿದ್ದೆ. ಪ್ರತಿ ಕಾರ್ಡ್ ಎಲ್ಲಿದೆ ಅಂತ ಅಳೆಯೋದು, ಕಳೆಯೋದು, ಭಾಗಿಸೋದು. ಫೋನ್ ಅಡ್ಡ ಹಿಡಿದರೆ ನನ್ನ ಲೆಕ್ಕವೆಲ್ಲ ತಲೆಕೆಳಗು. 2023ರಲ್ಲಿ ಐಫೋನಿನ ಐಓಎಸ್ 17ರ ಜೊತೆ ಬಂದ ಸ್ಕ್ರೋಲ್‌ಟ್ರಾನ್ಸಿಷನ್ (ಸ್ಕ್ರೋಲ್ ಆದಂತೆ ಕಾರ್ಡಿನ ರೂಪ ಬದಲಿಸುವ ಸೌಲಭ್ಯ) ಕೈಗೆ ಸಿಕ್ಕ ಮೇಲೆ ಆ ಕೋಡ್ ಪೂರ್ತಿ ಅಳಿಸಿದೆ.

ಇದರ ಜಾಣತನವೆಲ್ಲ ಫೇಸ್ (phase), ಅಂದರೆ ಕಾರ್ಡ್ ಯಾವ ಹಂತದಲ್ಲಿದೆ ಅನ್ನೋದರಲ್ಲಿದೆ. ಕಾರ್ಡ್ ಪರದೆಯೊಳಗೆ ನೆಟ್ಟಗೆ ಕೂತಿದ್ದರೆ 0. ಮೇಲಿನಿಂದ ಹೊರಗೆ ಹೋದರೆ -1, ಕೆಳಗಿನಿಂದ ಇನ್ನೂ ಬರಬೇಕಿದ್ದರೆ 1. ನಾನು ಹೇಳಿದ್ದು ಇಷ್ಟೇ: 0 ಇದ್ದರೆ ಪೂರ್ತಿ ಗಾತ್ರ, ಇಲ್ಲದಿದ್ದರೆ 0.9. ನಡುವಿನದನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. ಅರ್ಧಕ್ಕೆ ಬೆರಳು ನಿಲ್ಲಿಸಿದರೆ ಕಾರ್ಡ್ ಕೂಡ ಅರ್ಧ ಅರಳಿ ನಿಲ್ಲುತ್ತದೆ. ಇದನ್ನೇ ಹತ್ತು ನಿಮಿಷ ಸುಮ್ನೆ ಮೇಲೆ ಕೆಳಗೆ ಆಡಿಸುತ್ತಾ ಕೂತಿದ್ದೆ.

ಅಕ್ಷರದ ಗಾತ್ರವನ್ನೂ ಬದಲಿಸೋಣ ಅಂತ ಹೋದರೆ ಕಂಪೈಲ್ ಆಗಲಿಲ್ಲ, ಅಂದರೆ ಕೋಡ್ ಆ್ಯಪ್ ಆಗಿ ಬದಲಾಗಲೇ ಇಲ್ಲ. ಲೇಔಟ್ (ಯಾವುದು ಎಲ್ಲಿ, ಎಷ್ಟು ಜಾಗದಲ್ಲಿ ಅನ್ನೋ ಜೋಡಣೆ) ಮುಟ್ಟುವ ಯಾವುದಕ್ಕೂ ಇದು ಬಿಡುವುದಿಲ್ಲ. ಮೊದಲು ಕಿರಿಕಿರಿ ಆಯಿತು. ಆಮೇಲೆ ಯೋಚಿಸಿದೆ. ಸ್ಕ್ರೋಲ್ ಮಾಡುವಾಗಲೇ ಕಾರ್ಡಿನ ಎತ್ತರ ಬದಲಾದರೆ ಪಟ್ಟಿಯ ಉದ್ದ ಬದಲಾಗುತ್ತದೆ, ಅದರಿಂದ ಕಾರ್ಡ್ ಇರುವ ಜಾಗವೂ ಬದಲಾಗುತ್ತದೆ. ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋದ ಹಾಗೆ, ಅಲ್ವಾ?

ಎಡವಿದ್ದು ನಾನೇ. ಸುಲಭವಾಗಿ ಸಿಕ್ಕಿತಲ್ಲ ಅಂತ ಬ್ಲರ್ ಹಾಕಿದೆ, ಫೇಸ್ ಬೆಲೆಯನ್ನು 40ರಿಂದ ಗುಣಿಸಿ ಕಾರ್ಡನ್ನು ಓರೆ ಮಾಡಿದೆ. ಹಳೆಯ ಫೋನ್ ತಡವರಿಸಿತು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 17 ಮಿಲಿಸೆಕೆಂಡ್ ಕೂಡ ಸಿಗೋದಿಲ್ಲ, ಅಷ್ಟರಲ್ಲಿ ನನ್ನ ಚಮತ್ಕಾರವೆಲ್ಲ ಮುಗಿಯಬೇಕು. ತಂಗಿಯಂತೂ ಎರಡು ಸಲ ಸ್ಕ್ರೋಲ್ ಮಾಡಿ "ತಲೆ ಸುತ್ತುತ್ತೆ, ತಗೋ" ಅಂತ ಫೋನ್ ವಾಪಸ್ ಕೊಟ್ಟಳು. ಅವಳ ಫೋನಿನಲ್ಲಿ ಪರದೆಯ ಚಲನೆ ಕಡಿಮೆ ಮಾಡುವ ರೆಡ್ಯೂಸ್ ಮೋಷನ್ ಸೆಟ್ಟಿಂಗ್ ಯಾವಾಗಲೂ ಆನ್. ಕೋಡಿನಲ್ಲಿ ಆ ಸೆಟ್ಟಿಂಗ್ ಓದೋದನ್ನೇ ನಾನು ಮರೆತಿದ್ದೆ.

ಈಗ ಬ್ಲರ್ ಇಲ್ಲ, ಓರೆಯೂ ಇಲ್ಲ. ಗಾತ್ರ 0.95ಕ್ಕೆ ಇಳಿಯುತ್ತದೆ, ಜೊತೆಗೆ ಬಣ್ಣ ಸ್ವಲ್ಪ ಮಂಕು. ರೆಡ್ಯೂಸ್ ಮೋಷನ್ ಇದ್ದರೆ ಮಂಕು ಮಾತ್ರ. ತಂಗಿಗೆ ಮತ್ತೆ ಕೊಟ್ಟೆ. "ಏನು ಬದಲಾಯಿಸಿದೆ?" ಅಂತ ಕೇಳುತ್ತಲೇ ಮಿಂಚುಳ್ಳಿಯ ಫೋಟೊ ಹತ್ತಿರ ನಿಂತಳು.

ಐಓಎಸ್ 16ರ ಫೋನಿಗೆ ಇದು ಸಿಗೋದಿಲ್ಲ. ಅಲ್ಲಿ ಕಾರ್ಡ್‌ಗಳು ಮೊದಲಿನ ಹಾಗೇ ಸರಿಯುತ್ತವೆ. ಇಲ್ಲಿಯವರೆಗೆ ಯಾರೂ ದೂರಿಲ್ಲ.