ಸ್ಟೀನ್‌ಬೀಕ್ ಬ್ರೇಸ್: ಅಗ್ಗ, ಗಟ್ಟಿ, ಆದರೆ ಹೊಂದಿಸಲಾಗದು

ಹುಟ್ಟು ಸೊಟ್ಟಪಾದಕ್ಕೆ (ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವುದು) ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸುವ ಪುಟ್ಟ ಶಸ್ತ್ರಚಿಕಿತ್ಸೆ, ಮತ್ತೆ 3 ವಾರ ಪ್ಲಾಸ್ಟರ್. ಆಮೇಲೆ ಪಾದ ಮತ್ತೆ ತಿರುಗದಂತೆ ಹಿಡಿದಿಡುವ ಈ ಬ್ರೇಸ್. ಉಗಾಂಡಾದಲ್ಲಿ ರೂಪುಗೊಂಡದ್ದು: ಕಬ್ಬಿಣದ ಪಟ್ಟಿಗೆ ಜೋಡಿಸಿದ, ಬೆರಳು ತೆರೆದ ಎರಡು ಶೂ. ಸೊಟ್ಟಗಿದ್ದ ಪಾದ 60–70 ಡಿಗ್ರಿ ಹೊರಕ್ಕೆ, ಸರಿಯಿರುವುದು 30–40; ಶೂಗಳ ನಡುವಿನ ಅಂತರ ಮಗುವಿನ ಭುಜದಗಲ.

ಹಿಮ್ಮಡಿ ಬಳಿಯ ತೂತೇ ಇದರ ಜಾಣತನ. ಅಲ್ಲಿ ಹಿಮ್ಮಡಿ ಕಾಣದಿದ್ದರೆ ಕಾಲು ಸರಿಯಾಗಿ ಕೂತಿಲ್ಲ. ಉಜ್ಜಿ ಗುಳ್ಳೆ ಏಳುತ್ತದೆ. ಗುಳ್ಳೆಗೆ ಕ್ರೀಮ್ ಬೇಡ, ಹತ್ತಿಯ ಕಾಲುಚೀಲ ಹಾಕಿ ಶೂ ಬಿಗಿಯಾಗಿ ಕಟ್ಟಿ.

ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ 4 ವರ್ಷದವರೆಗೆ ನಿದ್ದೆಯಲ್ಲಿ. ಮಗು ಅಳುತ್ತದೆಂದು ಅಜ್ಜಿ ಬಿಚ್ಚಿಟ್ಟರೆ ಪಾದ ಮತ್ತೆ ಒಳತಿರುಗುತ್ತದೆ. ಪಟ್ಟಿ ಬೆಸುಗೆಯದ್ದಾದ್ದರಿಂದ ಕಾಲು ಬೆಳೆದಾಗ ಇಡೀ ಬ್ರೇಸನ್ನೇ ಬದಲಿಸಬೇಕು.