ವಯಲೆಟ್, ಹ್ಯೋಕಾ, ಯುಫೋನಿಯಂ: ಕ್ಯೋಟೊ ಆನಿಮೇಷನ್‌ನ ಮೂರು ಸರಣಿಗಳಲ್ಲಿ ಯಾವುದು ಮೇಲು?

ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಸರಣಿ, ನೋಡಲು ಶುರು ಮಾಡಿದವರಿಗೆ ಯಾರಾದರೂ ಒಬ್ಬರು "ವಯಲೆಟ್ ಎವರ್‌ಗಾರ್ಡನ್ ನೋಡು" ಅಂತ ಹೇಳೇ ಹೇಳುತ್ತಾರೆ. ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತದೆ, ಹದಿಮೂರೇ ಕಂತು, ಚಿತ್ರಗಳಂತೂ ಕಣ್ಣು ಕೀಳಲು ಬಿಡುವುದಿಲ್ಲ. ಒಳ್ಳೆಯ ಸಲಹೆಯೇ. ಆದರೆ ಅದನ್ನು ಮಾಡಿದ ಕ್ಯೋಟೊ ಆನಿಮೇಷನ್ ಸ್ಟುಡಿಯೋದ ಅತಿ ಒಳ್ಳೆಯ ಕೆಲಸ ಅದೇ ಅಂದರೆ ನಾನು ಒಪ್ಪಲ್ಲ. ಈ ಮಾತನ್ನು ಸುಮ್ನೆ ಹೇಳಬಾರದು ಅಂತ ವಯಲೆಟ್ ಜೊತೆಗೆ ಹ್ಯೋಕಾ, ಸೌಂಡ್ ಯುಫೋನಿಯಂ ಎರಡನ್ನೂ ಮತ್ತೆ ಮೊದಲಿನಿಂದ, ಒಂದರ ಹಿಂದೆ ಒಂದರಂತೆ ನೋಡಿದೆ. ಮೂರೂ ಒಂದೇ ಮನೆಯ ಕೆಲಸ. ಆದ್ದರಿಂದ ಚಿತ್ರದ ಗುಣಮಟ್ಟದಲ್ಲಿ ದೊಡ್ಡ ಅಂತರ ಇಲ್ಲ. ಅಂತರ ಇರುವುದು ಆ ಕೌಶಲವನ್ನು ಯಾವುದಕ್ಕೆ ಬಳಸಿದ್ದಾರೆ ಅನ್ನೋದರಲ್ಲಿ.

ಮೊದಲು ಸ್ಟುಡಿಯೋ ಬಗ್ಗೆ ಸ್ವಲ್ಪ. ಅಭಿಮಾನಿಗಳು ಪ್ರೀತಿಯಿಂದ ಕ್ಯೋಆನಿ ಅನ್ನುತ್ತಾರೆ. 1981ರಲ್ಲಿ ಯೋಕೊ ಹತ್ತಾ ಮತ್ತು ಅವರ ಪತಿ ಹಿದೆಯಾಕಿ ಹತ್ತಾ ಇದನ್ನು ಕಟ್ಟಿದರು. ಕ್ಯೋಟೊ ಪಕ್ಕದ ಉಜಿ ಊರು ಇದರ ನೆಲೆ. ಶುರುವಿನಲ್ಲಿ ಮಾಡುತ್ತಿದ್ದದ್ದು ಟೋಕಿಯೋದ ಸ್ಟುಡಿಯೋಗಳಿಗೆ ಬಣ್ಣ ತುಂಬಿ ಕೊಡುವ ಕೆಲಸ. ತಮ್ಮದೇ ಟಿವಿ ಸರಣಿ ಬಂದದ್ದು 2003ರಲ್ಲಿ. ಜಪಾನಿನ ಬಹಳಷ್ಟು ಕಡೆ ಚಿತ್ರ ಬರೆಯುವವರಿಗೆ ಹಾಳೆ ಲೆಕ್ಕದಲ್ಲಿ ದುಡ್ಡು. ಇಲ್ಲಿ ತಿಂಗಳ ಸಂಬಳ. ಹೊಸಬರಿಗೆ ಕಲಿಸಲು ತಮ್ಮದೇ ಶಾಲೆಯನ್ನೂ ಇಟ್ಟುಕೊಂಡಿದ್ದಾರೆ. ಒಂದೇ ತಂಡ ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದು ಇವರ ಸರಣಿಗಳಲ್ಲಿ ಕಾಣುತ್ತದೆ. ಕಂತಿನಿಂದ ಕಂತಿಗೆ ಮುಖ ಬದಲಾಗಲ್ಲ, ಬೆಳಕು ಹದ ತಪ್ಪಲ್ಲ.

ಇನ್ನು ವಯಲೆಟ್. 2018ರದ್ದು, ನಿರ್ದೇಶನ ತೈಚಿ ಇಶಿದಾತೆ. ಸ್ಟುಡಿಯೋನೇ ನಡೆಸಿದ ಬರಹ ಸ್ಪರ್ಧೆಯಲ್ಲಿ ಗೆದ್ದ ಕಾದಂಬರಿ ಇದಕ್ಕೆ ಆಧಾರ. ಯುದ್ಧದಲ್ಲಿ ಆಯುಧದ ಹಾಗೆ ಬಳಕೆಯಾದ ಹುಡುಗಿ ವಯಲೆಟ್. ಎರಡೂ ಕೈ ಕಳೆದುಕೊಂಡು ಲೋಹದ ಕೈ ಹಾಕಿಸಿಕೊಂಡಿದ್ದಾಳೆ. ಬೇರೆಯವರ ಪರವಾಗಿ ಪತ್ರ ಟೈಪ್ ಮಾಡಿಕೊಡುವುದು ಅವಳ ಕೆಲಸ. ಸೈನ್ಯದಲ್ಲಿ ಅವಳ ಮೇಲಿದ್ದ ಮೇಜರ್ ಕೊನೆಗೆ ಹೇಳಿದ "ಪ್ರೀತಿಸುತ್ತೇನೆ" ಅನ್ನುವ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲ. ಅದನ್ನು ಹುಡುಕುತ್ತಾ ಹೋಗುತ್ತಾಳೆ.

ಹತ್ತನೇ ಕಂತು ನೋಡಿ ಅಳದವರನ್ನು ನಾನಂತೂ ಕಂಡಿಲ್ಲ. ಸಾವು ಹತ್ತಿರ ಇರುವ ತಾಯಿ, ತನ್ನ ಪುಟ್ಟ ಮಗಳ ಮುಂದಿನ 50 ಹುಟ್ಟುಹಬ್ಬಗಳಿಗೆ 50 ಪತ್ರ ಬರೆಸುತ್ತಾಳೆ. ಅಮ್ಮನ ಸಮಯವನ್ನೆಲ್ಲ ಈ ಹೊಸಬಳು ಕಿತ್ತುಕೊಳ್ಳುತ್ತಿದ್ದಾಳೆ ಅಂತ ಮಗಳಿಗೆ ಕೋಪ. ಅವಳ ಎದುರು ವಯಲೆಟ್ ಒಂದು ಹನಿ ಕಣ್ಣೀರೂ ಹಾಕಲ್ಲ. ವಾಪಸ್ ಬಂದು ತನ್ನವರ ಎದುರು ಒಡೆದು ಹೋಗುತ್ತಾಳೆ. ಏಳನೇ ಕಂತಿನಲ್ಲಿ ಅವಳು ಕೊಡೆ ಹಿಡಿದು ಕೆರೆಯ ಮೇಲೆ ಜಿಗಿಯುವ ದೃಶ್ಯವೂ ಅಷ್ಟೇ ದೊಡ್ಡದು. ಮಗಳನ್ನು ಕಳೆದುಕೊಂಡ ನಾಟಕಕಾರನಿಗೆ, ಆ ಮಗು ಆಸೆಪಟ್ಟದ್ದು ಒಂದು ಕ್ಷಣ ಕಣ್ಣಿಗೆ ಬೀಳುತ್ತದೆ.

ಮತ್ತೆ ನೋಡಿದಾಗ ನನಗೆ ತೊಡಕಾದದ್ದು ಇದು: ಹೆಚ್ಚಿನ ಕಂತುಗಳು ಅಳಿಸುವ ಜಾಗಕ್ಕೆ ತಲುಪಲೇಬೇಕು ಅಂತ ಹೊರಟಿವೆ. ಸಂಗೀತ ಏರುತ್ತದೆ, ಸಂಜೆ ಬೆಳಕು ಬೀಳುತ್ತದೆ, ಕಣ್ಣು ತುಂಬುತ್ತದೆ. ಮೊದಲ ಸಲ ಇದು ಪೂರ್ತಿ ಹಿಡಿಯುತ್ತದೆ. ಎರಡನೇ ಸಲ ದಾರಿ ಮೊದಲೇ ಗೊತ್ತಿರುತ್ತದೆ. ಕೊನೆಯ ಎರಡು ಕಂತುಗಳ ರೈಲು, ಸೇತುವೆ, ಸ್ಫೋಟಕಗಳ ಗಲಾಟೆ ಈ ಕಥೆಗೆ ಬೇಕಿರಲಿಲ್ಲ ಅನ್ನಿಸಿತು. ಪತ್ರ ಬರೆಯುವ ಹುಡುಗಿಯನ್ನು ಮತ್ತೆ ಹೊಡೆದಾಟಕ್ಕೆ ಎಳೆದ ಹಾಗೆ. 2020ರ ಸಿನಿಮಾ ನೋಡಿದರೆ ಕಥೆ ಪೂರ್ತಿಯಾಗುತ್ತದೆ. ಅದನ್ನು ಬಿಡಬೇಡಿ.

ಹ್ಯೋಕಾ ಇದಕ್ಕೆ ತೀರಾ ಉಲ್ಟಾ. 2012ರಲ್ಲಿ ಬಂದ 22 ಕಂತುಗಳ ಸರಣಿ. ಹೊನೊಬು ಯೋನೆಜಾವಾ ಅವರ ಕಾದಂಬರಿಗಳು ಮೂಲ. ಕಥೆಯ ಕಾಮಿಯಾಮಾ ಊರನ್ನು ಗಿಫು ಪ್ರಾಂತ್ಯದ ತಾಕಾಯಾಮಾ ನೋಡಿ ಬರೆದಿದ್ದಾರೆ. ಇಲ್ಲಿ ಕೊಲೆ ಇಲ್ಲ, ಯುದ್ಧ ಇಲ್ಲ. ಒರೆಕಿ ಅನ್ನುವ ಹೈಸ್ಕೂಲ್ ಹುಡುಗನಿಗೆ ಯಾವುದಕ್ಕೂ ಶಕ್ತಿ ಖರ್ಚು ಮಾಡುವುದು ಇಷ್ಟ ಇಲ್ಲ. ಚಿತಾಂದಾ ಅನ್ನುವ ಹುಡುಗಿಗೆ ಕಂಡದ್ದೆಲ್ಲ ತಿಳಿಯಬೇಕು. ಅವಳು ಕೇಳುತ್ತಾಳೆ, ಇವನು ಯೋಚಿಸುತ್ತಾನೆ. ಅಷ್ಟೇ.

"ಇದರಲ್ಲಿ ಏನೂ ಆಗೋದೇ ಇಲ್ವಲ್ಲ" ಅಂತ ನನ್ನ ತಂಗಿ ಮೂರನೇ ಕಂತಿಗೆ ಕೈಬಿಟ್ಟಳು. ಅವಳ ದೂರು ನಿಜ. ಆದರೆ ಏನೂ ಆಗದ ಜಾಗದಲ್ಲೇ ಈ ತಂಡದ ಕೈಚಳಕ ಎಷ್ಟು ಕೆಲಸ ಮಾಡುತ್ತದೆ ನೋಡಿ. 19ನೇ ಕಂತು ತಗೊಳ್ಳಿ. ಶಾಲೆಯ ಸ್ಪೀಕರಿನಲ್ಲಿ ಒಂದು ಪ್ರಕಟಣೆ ಬರುತ್ತದೆ. ಇಬ್ಬರು ಒಂದು ಕೋಣೆಯಲ್ಲಿ ಕೂತು ಅದರ ಹಿಂದೆ ಏನಿರಬಹುದು ಅಂತ ಮಾತಾಡುತ್ತಾರೆ. ಕಂತು ಪೂರ್ತಿ ಹೆಚ್ಚುಕಡಿಮೆ ಇಷ್ಟೇ. ಆದರೂ ಒಂದು ಕ್ಷಣ ಬೇಜಾರಾಗಲ್ಲ. ಕೂರುವ ರೀತಿ, ಹತ್ತಿರ ಬಾಗುವ ರೀತಿ, ಅವಳು ತೀರಾ ಹತ್ತಿರ ಬಂದಾಗ ಅವನು ಮುಖ ತಿರುಗಿಸುವ ರೀತಿ, ಎಲ್ಲವೂ ಮಾತಿನಷ್ಟೇ ಹೇಳುತ್ತವೆ.

ಮಧ್ಯದ ಸಿನಿಮಾ ಪ್ರಸಂಗ ನನಗೆ ಇನ್ನೂ ಇಷ್ಟ. ಒಂದು ತರಗತಿಯ ಹುಡುಗರು ತೆಗೆಯುತ್ತಿದ್ದ ಪತ್ತೇದಾರಿ ಸಿನಿಮಾ ಅರ್ಧಕ್ಕೆ ನಿಲ್ಲುತ್ತದೆ, ಅದರ ಕೊನೆ ಏನಿರಬೇಕಿತ್ತು ಅಂತ ಒರೆಕಿ ಕಂಡುಹಿಡಿಯಬೇಕು. ಹಿರಿಯ ವಿದ್ಯಾರ್ಥಿನಿ ಇರಿಸು ಅವನನ್ನು ಹೊಗಳಿ, ನಿನ್ನಲ್ಲಿ ವಿಶೇಷ ಪ್ರತಿಭೆ ಇದೆ ಅಂತ ನಂಬಿಸುತ್ತಾಳೆ. ಅವನು ನಂಬುತ್ತಾನೆ, ಕಷ್ಟಪಡುತ್ತಾನೆ, ಮೆಚ್ಚುಗೆ ಪಡೆಯುತ್ತಾನೆ. ಆಮೇಲೆ ಅವನ ಮೂವರು ಗೆಳೆಯರು ಒಬ್ಬೊಬ್ಬರಾಗಿ ಬಂದು, ಅವನ ಉತ್ತರದಲ್ಲಿ ಏನು ತಪ್ಪಿದೆ ಅಂತ ಹೇಳುತ್ತಾರೆ. ಹದಿನಾರರ ವಯಸ್ಸಿನಲ್ಲಿ "ನೀನು ಬೇರೆ ಥರ" ಅಂತ ಯಾರೋ ಹೇಳಿದ್ದನ್ನು ನಂಬಿ, ಅದು ಬೇರೆ ಉದ್ದೇಶದ ಮಾತು ಅಂತ ಗೊತ್ತಾದಾಗ ಆಗುವ ಉರಿಯನ್ನು ಇಷ್ಟು ನೇರವಾಗಿ ತೋರಿಸಿದ ಸರಣಿ ನಾನು ಬೇರೆ ನೋಡಿಲ್ಲ.

ಕೊನೆಯ ಕಂತಿನಲ್ಲಿ ಚಿತಾಂದಾ ಹೊಲಗದ್ದೆಗಳ ನಡುವೆ ನಿಂತು ಇದೇ ನಾನು ವಾಪಸ್ ಬರುವ ಜಾಗ ಅನ್ನುತ್ತಾಳೆ. ಇದು ಅತಿ ಸುಂದರ ಜಾಗವೇನಲ್ಲ, ಇಲ್ಲಿ ದೊಡ್ಡ ಅವಕಾಶಗಳೂ ಇಲ್ಲ, ಆದರೂ ನಿನಗೆ ತೋರಿಸಬೇಕು ಅನ್ನಿಸಿತು ಅಂತ ಒರೆಕಿಗೆ ಹೇಳುತ್ತಾಳೆ. ಜಮೀನಿರುವ ಮನೆಯ ಮಗಳು, ಓದು ಮುಗಿಸಿ ಊರಿಗೇ ಬರಬೇಕಾದವಳು. ಮಲೆನಾಡಿನಲ್ಲಿ ಅಪ್ಪನ ತೋಟ ಬಿಟ್ಟು ಬೆಂಗಳೂರಿಗೆ ಬಂದಿರುವ ನನಗೆ ಆ ಮಾತು ವಯಲೆಟ್‌ನ ಯಾವ ಪತ್ರಕ್ಕಿಂತಲೂ ಜಾಸ್ತಿ ತಾಗಿತು. ಅದಕ್ಕೆ ಉತ್ತರವಾಗಿ ಒರೆಕಿ ಹೇಳಬೇಕು ಅಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು. ಅದೇನು ಅಂತ ಇಲ್ಲಿ ಬರೆಯಲ್ಲ.

ಹ್ಯೋಕಾ ನಿರ್ದೇಶಿಸಿದವರು ಯಾಸುಹಿರೊ ತಾಕೆಮೊತೊ. ಪಾತ್ರಗಳಿಗೆ ರೂಪ ಕೊಟ್ಟವರು ಫುತೊಶಿ ನಿಶಿಯಾ. ಇಬ್ಬರೂ ಈಗಿಲ್ಲ. 2019ರ ಜುಲೈ 18ರಂದು ಸ್ಟುಡಿಯೋದ ಕಟ್ಟಡಕ್ಕೆ ಒಬ್ಬ ಬೆಂಕಿ ಹಚ್ಚಿದ. 36 ಜನ ಸತ್ತರು. ಯುಫೋನಿಯಂ ಪಾತ್ರಗಳನ್ನು ರೂಪಿಸಿದ ಶೋಕೊ ಇಕೆದಾ ಅವರಲ್ಲಿ ಒಬ್ಬರು. ಈ ಸರಣಿಗಳನ್ನು ಹೋಲಿಸುವಾಗ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಆಗಲ್ಲ. ನಾವು ಮೆಚ್ಚುವ ಒಂದೊಂದು ಚಿಕ್ಕ ಚಲನೆಯನ್ನೂ ಯಾರೋ ಕೂತು ಕೈಯಿಂದ ಬರೆದಿದ್ದಾರೆ. ಅವರ ಹೆಸರು ಕೊನೆಯ ಪಟ್ಟಿಯಲ್ಲಿ ಬರುತ್ತದೆ. ನಾನು ಈಗ ಆ ಪಟ್ಟಿಯನ್ನು ಓಡಿಸದೆ ಓದುತ್ತೇನೆ.

ಯುಫೋನಿಯಂ ನನ್ನ ಪ್ರಕಾರ ಮೂರರಲ್ಲಿ ಮೊದಲನೆಯದು. 2015ರಲ್ಲಿ ಶುರುವಾಗಿ 2024ರ ಮೂರನೇ ಸೀಸನ್‌ಗೆ ಮುಗಿದ ಕಥೆ. ಮುಖ್ಯ ನಿರ್ದೇಶಕ ತಾತ್ಸುಯಾ ಇಶಿಹಾರಾ. ಕಥೆ ನಡೆಯುವುದು ಸ್ಟುಡಿಯೋ ಇರುವ ಉಜಿ ಊರಲ್ಲೇ. ಸೇತುವೆ, ನದಿ ದಂಡೆ, ರೈಲು ನಿಲ್ದಾಣ, ಗುಡ್ಡ ಎಲ್ಲ ನಿಜವಾದವು. ಯುಫೋನಿಯಂ ಅಂದರೆ ಟ್ಯೂಬಾಗಿಂತ ಚಿಕ್ಕದಾದ ಒಂದು ಹಿತ್ತಾಳೆ ವಾದ್ಯ. ಅದನ್ನು ನುಡಿಸುವ ಕುಮಿಕೊ ಕಥಾನಾಯಕಿ.

ಮೊದಲ ದೃಶ್ಯದಲ್ಲೇ ಹಿಡಿಯುತ್ತದೆ. ಶಾಲೆಗಳ ಬ್ಯಾಂಡ್ ಸ್ಪರ್ಧೆ. ಕುಮಿಕೊ ತಂಡಕ್ಕೆ ಚಿನ್ನ ಸಿಗುತ್ತದೆ, ಆದರೆ ಮುಂದಿನ ಸುತ್ತಿಗೆ ಹೋಗಲು ಅದು ಸಾಕಾಗಲ್ಲ; ಚಿನ್ನ ಹಲವು ತಂಡಗಳಿಗೆ ಸಿಗುತ್ತದೆ, ಮುಂದೆ ಹೋಗುವುದು ಕೆಲವು ಮಾತ್ರ. ಪಕ್ಕದಲ್ಲಿ ಅದೇ ತಂಡದ ಟ್ರಂಪೆಟ್ ಹುಡುಗಿ ರೇನಾ ಅಳುತ್ತಿದ್ದಾಳೆ. ಕುಮಿಕೊ ಬಾಯಿಂದ ಮಾತು ಜಾರುತ್ತದೆ: ನಿಜವಾಗಿ ರಾಷ್ಟ್ರಮಟ್ಟಕ್ಕೆ ಹೋಗ್ತೀವಿ ಅಂದುಕೊಂಡಿದ್ದೆಯಾ? ರೇನಾ ಅಂದುಕೊಂಡಿದ್ದಳು. ಮನಸ್ಸಿಟ್ಟು ಬಯಸುವವರಿಗೂ ಬಯಸಲು ಹೆದರುವವರಿಗೂ ನಡುವಿನ ಈ ಅಂತರವೇ ಮೂರು ಸೀಸನ್ ಪೂರ್ತಿ ಹರಿಯುತ್ತದೆ.

ಮುಂದೆ ಇಬ್ಬರೂ ಸೇರುವ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಸೋಲೋ, ಅಂದರೆ ಒಬ್ಬರೇ ನುಡಿಸುವ ಭಾಗ, ಯಾರು ನುಡಿಸಬೇಕು ಅನ್ನುವ ಜಗಳ ನೋಡಿ. ಕಾವೊರಿ ಕೊನೆಯ ವರ್ಷದವಳು, ಎಲ್ಲರಿಗೂ ಬೇಕಾದವಳು, ವರ್ಷಗಳಿಂದ ಕಾದವಳು. ರೇನಾ ಹೊಸಬಳು, ಆದರೆ ಅವಳದ್ದೇ ಮೇಲು. ಹಿರಿಯಳಿಗೆ ಕೊಡುವುದು ನ್ಯಾಯವಾ, ಚೆನ್ನಾಗಿ ನುಡಿಸುವವಳಿಗೆ ಕೊಡುವುದು ನ್ಯಾಯವಾ? ಸಭಾಂಗಣದಲ್ಲಿ ಇಬ್ಬರೂ ಎಲ್ಲರ ಎದುರು ನುಡಿಸುತ್ತಾರೆ. ಆ ಎರಡು ನುಡಿಸಾಣಿಕೆಗಳ ವ್ಯತ್ಯಾಸ ಸಂಗೀತ ತಿಳಿಯದ ನನಗೂ ಕೇಳಿಸಿತು. ಪಾತ್ರಗಳು ಹೇಳಿದ್ದನ್ನು ನಂಬಬೇಕಾಗಿಲ್ಲ, ನಮ್ಮ ಕಿವಿಯೇ ತೀರ್ಪು ಕೊಡುತ್ತದೆ. ಆಗ ಕಾವೊರಿ ಮುಖ ನೋಡುವುದು ಇನ್ನೂ ಕಷ್ಟ.

ಕೈಗಳ ಮಾತಿಗೆ ಬರೋಣ. ವಯಲೆಟ್‌ನ ಲೋಹದ ಬೆರಳುಗಳನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಯುಫೋನಿಯಂನ ಎರಡನೇ ಸೀಸನ್ ಐದನೇ ಕಂತು ನೋಡಿ. ಸ್ಪರ್ಧೆಯಲ್ಲಿ ನುಡಿಸುವ ಸಂಗೀತ ಪೂರ್ತಿ, ಏಳು ನಿಮಿಷದ ಹತ್ತಿರ, ಮಾತೇ ಇಲ್ಲದೆ ಹೋಗುತ್ತದೆ. ಡಜನ್‌ಗಟ್ಟಲೆ ವಾದ್ಯಗಳು, ಬೆರಳು ಒತ್ತುವ ಜಾಗ ಸ್ವರಕ್ಕೆ ಸರಿಯಾಗಿ, ಉಸಿರು ತಗೊಳ್ಳುವುದೂ ಸರಿಯಾಗಿ. ಪೆನ್ಸಿಲ್ ಗುರುತು ತುಂಬಿದ ಸ್ವರದ ಹಾಳೆಗಳು ಕಾಣುತ್ತವೆ. ಅಷ್ಟು ದಿನ ಅಭ್ಯಾಸ ನೋಡಿದ ನಮಗೆ ಯಾವ ಜಾಗದಲ್ಲಿ ಯಾರು ಎಡವುತ್ತಿದ್ದರು ಅಂತ ಗೊತ್ತಿರುತ್ತದೆ. ಆ ಜಾಗ ಬಂದಾಗ ನಾನೂ ಉಸಿರು ಹಿಡಿದಿದ್ದೆ.

ಇದೇ ಕಾರಣಕ್ಕೆ ಇದು ನನಗೆ ವಯಲೆಟ್‌ಗಿಂತ ಮೇಲು. ಅಲ್ಲಿ ಚಿತ್ರದ ಚೆಲುವು ಕಥೆಯನ್ನು ಅಲಂಕರಿಸುತ್ತದೆ. ಇಲ್ಲಿ ಒಂದು ಕೆಲಸವನ್ನು ಚೆನ್ನಾಗಿ ಮಾಡಬೇಕು ಅನ್ನುವ ಹಟವೇ ಕಥೆ. ಅದೇ ಹಟ ಇರುವವರು ಅದನ್ನು ಬರೆದಿದ್ದಾರೆ. ಮೊದಲ ಸೀಸನ್‌ನಲ್ಲಿ ಒಂದು ಭಾಗವನ್ನು ನೀನು ನುಡಿಸಬೇಡ ಅಂತ ಮೇಷ್ಟ್ರು ಹೇಳಿದ ರಾತ್ರಿ, ಕುಮಿಕೊ ಉಜಿ ಸೇತುವೆ ಮೇಲೆ ಓಡುತ್ತಾ ಚೆನ್ನಾಗಿ ನುಡಿಸಬೇಕು ಅಂತ ಕೂಗಿ ಅಳುತ್ತಾಳೆ. ಹೆದರಿಕೊಂಡೇ ಇದ್ದ ಹುಡುಗಿಗೆ ಕೊನೆಗೂ ಬಯಸಲು ಬಂತು. ಹ್ಯೋಕಾಗೆ ನನ್ನ ಮನಸ್ಸಿನಲ್ಲಿ ಇದರ ಪಕ್ಕದ ಜಾಗವೇ. ಆದರೆ ಒರೆಕಿ ಬದಲಾಗಲು ಶುರು ಮಾಡುವ ಹೊತ್ತಿಗೆ ಅದು ನಿಲ್ಲುತ್ತದೆ. ಕುಮಿಕೊ ಮೂರು ವರ್ಷ ಬೆಳೆಯುವುದನ್ನು ಪೂರ್ತಿ ನೋಡಲು ಸಿಗುತ್ತದೆ.

ಕೆ-ಆನ್ (2009) ಬಗ್ಗೆಯೂ ಕೇಳುತ್ತಾರೆ, ಅದೂ ಶಾಲೆಯ ಸಂಗೀತ ಕ್ಲಬ್ ಕಥೆ ಅಲ್ವಾ ಅಂತ. ಹೌದು, ಆದರೆ ಅಲ್ಲಿ ಚಹಾ, ಕೇಕು, ಹರಟೆಯೇ ಮುಖ್ಯ. ಬೇಸರದ ಸಂಜೆಗೆ ತುಂಬಾ ಒಳ್ಳೆಯದು. ಇಪ್ಪತ್ತರ ಹರೆಯದಲ್ಲೇ ಅದನ್ನು ನಿರ್ದೇಶಿಸಿದ ನಾವೊಕೊ ಯಾಮಾದಾ ಮುಂದೆ ಯುಫೋನಿಯಂ ತಂಡದಲ್ಲೂ ಇದ್ದರು.

ಯುಫೋನಿಯಂ ನೋಡುವುದಾದರೆ ಕ್ರಮ ತಪ್ಪಿಸಬೇಡಿ. 2015ರ ಮೊದಲ ಸೀಸನ್, 2016ರ ಎರಡನೆಯದು, ಆಮೇಲೆ ಯಾಮಾದಾ ನಿರ್ದೇಶಿಸಿದ ಲಿಜ್ ಅಂಡ್ ದ ಬ್ಲೂ ಬರ್ಡ್ (2018), 2019ರ ಸಿನಿಮಾ, 2023ರ ಚಿಕ್ಕ ಸಿನಿಮಾ, ಕೊನೆಗೆ 2024ರ ಮೂರನೇ ಸೀಸನ್. ನಡುವಿನ ಸಿನಿಮಾಗಳನ್ನು ಹಾರಿಸಿದರೆ ಮೂರನೇ ಸೀಸನ್‌ನಲ್ಲಿ ಬ್ಯಾಂಡಿನ ಅರ್ಧ ಜನ ಯಾರು ಅಂತ ತಿಳಿಯಲ್ಲ. ಅದರ 12ನೇ ಕಂತಿನಲ್ಲಿ ಪರದೆ ಹಿಂದೆ ಇಬ್ಬರು ನುಡಿಸುತ್ತಾರೆ, ಯಾರು ಅಂತ ನೋಡದೆ ಎಲ್ಲರೂ ಆರಿಸಬೇಕು. ಅಲ್ಲಿಯ ತೀರ್ಮಾನ ಮೂಲ ಕಾದಂಬರಿಯಲ್ಲಿ ಇರುವುದಲ್ಲ. ಕೆಲವು ಅಭಿಮಾನಿಗಳಿಗೆ ಅದು ಇಷ್ಟವಾಗಲಿಲ್ಲ. ನನಗೆ ಅದೇ ಸರಿ ಅನ್ನಿಸಿತು, ಯಾಕೆಂದರೆ ಮೊದಲ ಸೀಸನ್‌ನಲ್ಲಿ ಕಾವೊರಿಗೆ ಅನ್ವಯಿಸಿದ ನಿಯಮವನ್ನು ಇಲ್ಲಿ ಯಾರಿಗೂ ಸಡಿಲ ಮಾಡಿಲ್ಲ.